ಐದು ಸೆಂಟಿಮೀಟರ್ ಬೂಷ್ಟು ಎಷ್ಟು ಹುಲ್ಲು ತಿನ್ನುತ್ತದೆ? ಹುಲ್ಲಿನ ರೋಲ್ ಬಗ್ಗೆ ನನ್ನ ಟಿಪ್ಪಣಿ

ಮೇವಿನ ಪಾಠದಲ್ಲಿ, ಯಂತ್ರ ಹುಲ್ಲನ್ನು ಚಾಪೆಯಂತೆ ಸುತ್ತಿ ಕಟ್ಟುವ ದುಂಡು ಬೇಲ್‌ಗಳ ಭಾಗ ಓದಲು ಕೂತು ಮೂರು ದಿನ ಆಯಿತು. ಎರಡು ದಿನ ಒಂದೇ ಲೆಕ್ಕದಲ್ಲಿ ಸಿಕ್ಕಿಕೊಂಡಿದ್ದೆ. ನಿನ್ನೆ ರಾತ್ರಿ ಗಂಟು ಬಿಚ್ಚಿತು. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ. ಮನೆಯಲ್ಲಿ ದನ ಇದ್ದು, ಮಳೆಗಾಲಕ್ಕೆ ಹುಲ್ಲು ಕೂಡಿಡುವವರಿಗೆ ಇದು ಪರೀಕ್ಷೆಗಿಂತ ಕೊಟ್ಟಿಗೆಯಲ್ಲೇ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ನಮ್ಮ ಮನೆ ಕೊಡಗಿನ ಶನಿವಾರಸಂತೆ ಹತ್ತಿರ. ಐದು ಹಸು ಇವೆ. ಮೊದಲು ಭತ್ತವನ್ನು ಕೈಯಲ್ಲಿ ಕೊಯ್ದು, ಕಣದಲ್ಲಿ ಬಡಿದು, ಹುಲ್ಲನ್ನು ಬಣವೆ ಹಾಕುತ್ತಿದ್ದೆವು. ಈಗ ಕೊಯ್ಲಿನ ಯಂತ್ರ ಬರುತ್ತದೆ, ಅದರ ಹಿಂದೆ ಹುಲ್ಲು ಸುತ್ತುವ ಬೇಲರ್ ಬರುತ್ತದೆ. ಬಣವೆ ಹೋಗಿ ರೋಲ್ ಬಂತು. ಆದರೆ ರೋಲ್ ಇಡುವ ಕ್ರಮ ನಮಗೆ ಇನ್ನೂ ಬಂದಿಲ್ಲ.

ಪುಸ್ತಕದ ಬೇಲ್ ಬೇರೆ, ಗದ್ದೆಯ ರೋಲ್ ಬೇರೆ

ಇದನ್ನು ಮೊದಲೇ ಗುರುತು ಮಾಡಿಕೊಳ್ಳಿ. ಪುಸ್ತಕದಲ್ಲಿ ಬರುವುದು ಹೆಚ್ಚಾಗಿ ಅಮೆರಿಕದ ದೊಡ್ಡ ಬೇಲ್. ವ್ಯಾಸ 4ರಿಂದ 6 ಅಡಿ, ತೂಕ ನೂರಾರು ಕೆಜಿ. ಒಳಗಿರುವುದು ಒಣಗಿಸಿದ ಹಸಿರು ಹುಲ್ಲು. ಟ್ರ್ಯಾಕ್ಟರಿಗೆ ಈಟಿಯಂಥ ಕಬ್ಬಿಣದ ಮೊನೆ ಹಾಕಿ, ಬೇಲ್‌ಗೆ ಚುಚ್ಚಿ ಎತ್ತುತ್ತಾರೆ. 1971ರಲ್ಲಿ ಅಯೋವಾದ ವರ್ಮೀರ್ ಕಂಪನಿ ಇಂಥ ದೊಡ್ಡ ಬೇಲ್ ಸುತ್ತುವ ಯಂತ್ರ ತಂದಿತು. ಅದಕ್ಕೂ ಮುಂಚೆ, 1947ರಲ್ಲೇ, ಆಲಿಸ್ ಚಾಮರ್ಸ್ ಕಂಪನಿ ಸಣ್ಣ ರೋಲ್ ಸುತ್ತುವ ಯಂತ್ರ ಮಾರಾಟಕ್ಕೆ ಇಟ್ಟಿತ್ತು. ಅಂದರೆ ಸಣ್ಣ ರೋಲೇ ಹಿರಿಯದು.

ನಮ್ಮ ಕಡೆಯ ರೋಲ್ ಭತ್ತದ ಹುಲ್ಲಿನದು. ಸುಮಾರು 2 ಅಡಿ ವ್ಯಾಸ, 3 ಅಡಿ ಉದ್ದ, 15ರಿಂದ 25 ಕೆಜಿ. ಒಬ್ಬರೇ ಹೆಗಲ ಮೇಲೆ ಹೊರಬಹುದು. ಮುಂದಿನ ಲೆಕ್ಕಕ್ಕೆಲ್ಲ 60 ಸೆಂ.ಮೀ. ವ್ಯಾಸ, 20 ಕೆಜಿ ಅಂತ ಇಟ್ಟುಕೊಂಡಿದ್ದೇನೆ.

ನನ್ನನ್ನು ಎರಡು ದಿನ ಹಿಡಿದಿಟ್ಟ ಲೆಕ್ಕ

ಪುಸ್ತಕದಲ್ಲಿ ಒಂದು ಸಾಲು ಇತ್ತು: 5 ಅಡಿ ಬೇಲಿನ ಹೊರಗಿನ 6 ಅಂಗುಲ ಹಾಳಾದರೆ, ಸುಮಾರು ಮೂರನೇ ಒಂದು ಪಾಲು ಹುಲ್ಲು ಹೋದಂತೆ. ನನಗೆ ನಂಬಿಕೆ ಬರಲಿಲ್ಲ. 5 ಅಡಿ ಅಂದರೆ 60 ಅಂಗುಲ. 60ರಲ್ಲಿ 6 ಹೋದರೆ ಹತ್ತರಲ್ಲಿ ಒಂದು ಪಾಲು ತಾನೆ? ಮೂರನೇ ಒಂದು ಎಲ್ಲಿಂದ ಬಂತು?

ಇಲ್ಲಿ ಎರಡು ತಪ್ಪು ಒಂದರ ಮೇಲೊಂದು ಕೂತಿದ್ದವು.

ಮೊದಲನೆಯದು: ಬೂಷ್ಟು ಸುತ್ತಲೂ ಹಿಡಿಯುತ್ತದೆ. ಎಡಕ್ಕೆ 6, ಬಲಕ್ಕೆ 6. ಹಾಗಾಗಿ ವ್ಯಾಸದಲ್ಲಿ 12 ಕಳೆಯಬೇಕು. ಉಳಿಯುವುದು 48.

ಇದನ್ನು ಸರಿ ಮಾಡಿಕೊಂಡರೂ 60ರಲ್ಲಿ 12, ಅಂದರೆ ಐದನೇ ಒಂದು ಪಾಲು. ಇನ್ನೂ ಮೂರನೇ ಒಂದಲ್ಲ. ಎರಡನೇ ತಪ್ಪು ಇಲ್ಲಿದೆ, ಇದೇ ನಿಜವಾದ ಗಂಟು. ಹುಲ್ಲು ಇರುವುದು ವ್ಯಾಸದಲ್ಲಿ ಅಲ್ಲ, ಸುತ್ತಿನಲ್ಲಿ. ಮನೆಯಲ್ಲಿ ಸುತ್ತಿಟ್ಟ ಚಾಪೆ ನೆನಪು ಮಾಡಿಕೊಳ್ಳಿ. ನಾನು ಕೊನೆಗೆ ಚಾಪೆಯನ್ನೇ ಬಿಡಿಸಿ ನೋಡಿದೆ. ಹೊರಗಿನ ಒಂದು ಸುತ್ತು ಬಿಚ್ಚಿದರೆ ಉದ್ದಕ್ಕೆ ಬರುತ್ತದೆ, ಒಳಗಿನ ಒಂದು ಸುತ್ತು ಗೇಣುದ್ದ ಇರುತ್ತದೆ. ನಮ್ಮ 60 ಸೆಂ.ಮೀ. ರೋಲಿನಲ್ಲಿ ಹೊರಗಿನ ಒಂದು ಸುತ್ತು ಸುಮಾರು 188 ಸೆಂ.ಮೀ. ಉದ್ದ. ನಡುವಿನಲ್ಲಿ 10 ಸೆಂ.ಮೀ. ವ್ಯಾಸ ಇರುವ ಕಡೆ ಒಂದು ಸುತ್ತು 31 ಸೆಂ.ಮೀ. ಮಾತ್ರ. ದಪ್ಪ ಒಂದೇ, ಆದರೆ ಹೊರಗಿನ ಒಂದು ಸುತ್ತು ಹಾಳಾದರೆ ಒಳಗಿನ ಆರು ಸುತ್ತು ಹಾಳಾದಷ್ಟು.

ಹಾಗಾಗಿ ವ್ಯಾಸವನ್ನು ಅದರಿಂದಲೇ ಗುಣಿಸಿ ಹೋಲಿಸಬೇಕು. ಪುಸ್ತಕದ 60 ಅಂಗುಲದ ಬೇಲ್‌ಗೆ, 60 ಗುಣಿಸು 60 ಅಂದರೆ 3600. 48 ಗುಣಿಸು 48 ಅಂದರೆ 2304. ಹೋಗಿದ್ದು 1296. ಅದು 3600ರಲ್ಲಿ ನೂರಕ್ಕೆ 36. ಪುಸ್ತಕದ ಮಾತು ಸರಿಯಾಗಿತ್ತು.

ಈಗ ನಮ್ಮ ರೋಲಿಗೆ ಹಾಕೋಣ. ಹೊರಗೆ 5 ಸೆಂ.ಮೀ. ಬೂಷ್ಟು, ಅಂದರೆ ಎರಡು ಬೆರಳಿಗಿಂತ ಸ್ವಲ್ಪ ಜಾಸ್ತಿ ದಪ್ಪ. ಉಳಿದ ವ್ಯಾಸ 50. 3600ರಲ್ಲಿ 2500 ಉಳಿಯಿತು, 1100 ಹೋಯಿತು. ನೂರಕ್ಕೆ 31! ಅದೇ 5 ಸೆಂ.ಮೀ. 120 ಸೆಂ.ಮೀ. ವ್ಯಾಸದ ಬೇಲ್‌ಗೆ ಹಿಡಿದರೆ ನಷ್ಟ ನೂರಕ್ಕೆ 16. 150 ಸೆಂ.ಮೀ. ಬೇಲ್‌ಗೆ ಬರೀ 13.

ದೊಡ್ಡ ಬೇಲನ್ನು ಬಯಲಲ್ಲೇ ಬಿಡಬಹುದು ಅಂತ ಓದಿ ಯಾರೂ ನಮ್ಮ ರೋಲನ್ನು ಗದ್ದೆ ಬದಿಯಲ್ಲಿ ಬಿಡಬೇಡಿ. ಅವರಿಗೆ ಬೂಷ್ಟು ಮೇಲಿನ ಸಿಪ್ಪೆ. ನಮಗೆ ಅದೇ ಮೂರನೇ ಒಂದು ಪಾಲು ಮೇವು. ಅದೂ ಕೊಡಗಿನ ಜೂನ್, ಜುಲೈ ಮಳೆಗೆ 5 ಸೆಂ.ಮೀ.ನಲ್ಲಿ ನಿಲ್ಲುತ್ತದೆ ಅನ್ನುವ ಹಾಗೇ ಇಲ್ಲ.

ನನಗೆ ತುಂಬಾ ಇಷ್ಟವಾದ ಅಡ್ಡದಾರಿ: ಬೂಷ್ಟಿನ ದಪ್ಪವನ್ನು ವ್ಯಾಸದಿಂದ ಭಾಗಿಸಿ, 4ರಿಂದ ಗುಣಿಸಿ. 5 ಭಾಗ 60, ಗುಣಿಸು 4, ಅಂದರೆ ನೂರಕ್ಕೆ 33. ನಿಜವಾದ ಉತ್ತರ 31. ಸ್ವಲ್ಪ ಜಾಸ್ತಿ ತೋರಿಸುತ್ತದೆ, ಆದರೆ ಕೊಟ್ಟಿಗೆಯಲ್ಲಿ ನಿಂತು ಬಾಯಿಲೆಕ್ಕ ಹಾಕಲು ಸಾಕು. ಬೂಷ್ಟು ತೆಳ್ಳಗಿದ್ದಷ್ಟೂ ಸರಿಯಾಗಿ ಬರುತ್ತದೆ. ಪರೀಕ್ಷೆಯಲ್ಲಿ ಮಾತ್ರ ಪೂರ್ತಿ ಲೆಕ್ಕವನ್ನೇ ಬರೆಯಿರಿ.

ಎಷ್ಟು ರೋಲ್ ಬೇಕು

400 ಕೆಜಿ ಹಸುವಿಗೆ ದಿನಕ್ಕೆ ಸುಮಾರು 10 ಕೆಜಿ ಒಣ ಅಂಶ (ನೀರು ಕಳೆದು ಉಳಿಯುವ ಮೇವು) ಬೇಕು, ಅಂದರೆ ಮೈತೂಕದ ನೂರಕ್ಕೆ 2.5. ಹಿಂಡಿ, ಬೂಸಾ, ಹಸಿಮೇವು ಕಳೆದು ಒಣಹುಲ್ಲಿನ ಪಾಲು ಸುಮಾರು 5 ಕೆಜಿ. ಐದು ಹಸುವಿಗೆ 25 ಕೆಜಿ. ಮಳೆಗಾಲದ 120 ದಿನಕ್ಕೆ 3000 ಕೆಜಿ, ಅಂದರೆ 150 ರೋಲ್. ನೂರಕ್ಕೆ 30 ಹಾಳಾಗುತ್ತದೆ ಅಂತಾದರೆ 150ಕ್ಕೆ ಅದರ ನೂರಕ್ಕೆ 30, ಅಂದರೆ 45, ಸೇರಿಸಿ 195 ಅನ್ನಬೇಡಿ. 150ನ್ನು 0.7ರಿಂದ ಭಾಗಿಸಿ. 215 ಬೇಕು. ಹಾಳಾಗುವುದು ತಂದ ರೋಲಿನ ಪಾಲು, ತಿಂದ ರೋಲಿನದ್ದಲ್ಲ.

ಇಡುವುದು

ಒದ್ದೆ ಹುಲ್ಲನ್ನು ಸುತ್ತಿಸಬೇಡಿ. ಡಿಸೆಂಬರ್, ಜನವರಿಯ ಮಂಜು ಗದ್ದೆಯಲ್ಲಿ ಹೊತ್ತು ಏರುವವರೆಗೂ ಇರುತ್ತದೆ. ಮೇಲಿನ ಹುಲ್ಲು ಗರಿಗರಿ ಇದ್ದರೂ ಅಡಿಯದು ತಣ್ಣಗಿರುತ್ತದೆ. ಹೋದ ಸಲ ಬೇಲರ್ ಚಾಲಕರು ಬೆಳಿಗ್ಗೆ ಎಂಟಕ್ಕೇ ಬಂದರು. ಅಮ್ಮ ಅಡಿಯಿಂದ ಒಂದು ಹಿಡಿ ಎಳೆದು, ಗಿಣ್ಣಿನ ಹತ್ತಿರ ಬಗ್ಗಿಸಿ ತೋರಿಸಿದರು. "ನೋಡಣ್ಣ, ಮುರೀತಾ ಇಲ್ಲ, ಬಳುಕ್ತಾ ಇದೆ. ಕಾಫಿ ಕುಡಿದು ಹನ್ನೊಂದು ಗಂಟೆ ಮೇಲೆ ಶುರು ಮಾಡಿ" ಅಂದರು. ಅವರು ಕಾದರು. ಆ ರೋಲ್‌ಗಳಲ್ಲಿ ಒಂದೂ ಒಳಗೆ ಕಪ್ಪಾಗಲಿಲ್ಲ.

ಒದ್ದೆ ರೋಲ್ ಒತ್ತೊತ್ತಾಗಿ ಪೇರಿಸಿದರೆ ಒಳಗೆ ಕಾವು ಏರುತ್ತದೆ. ಬೆಂಕಿ ಹತ್ತಿದ್ದೂ ಉಂಟು. ಕಬ್ಬಿಣದ ಸರಳನ್ನು ಚುಚ್ಚಿ ಸ್ವಲ್ಪ ಹೊತ್ತು ಬಿಟ್ಟು ತೆಗೆಯಿರಿ. ಹಿಡಿಯಲು ಆಗದಷ್ಟು ಬಿಸಿ ಇದ್ದರೆ ಹತ್ತಿರ ಹೋಗಿ ಕೆದಕಬೇಡಿ, ಅಗ್ನಿಶಾಮಕದವರನ್ನು ಕರೆಯಿರಿ. ಗಾಳಿ ತಾಗಿದರೆ ಅದು ಹತ್ತಿಕೊಳ್ಳಬಹುದು.

ನೆಲಕ್ಕೆ ತಾಗಿಸಬೇಡಿ. ನಾವು ಸಿಲ್ವರ್ ಓಕ್ ಕಂಬ ಅಡ್ಡ ಹಾಕಿ ಅದರ ಮೇಲೆ ಪೇರಿಸಿದ್ದೇವೆ. ಮೇಲೆ ಸೂರು ಇರಲಿ. ಸೂರು ಇಲ್ಲದಾಗ ಟಾರ್ಪಲ್ ಹಾಕಿ, ರೋಲನ್ನು ಮಲಗಿಸಿಯೇ ಇಡಿ. ಮಲಗಿಸಿದ ರೋಲಿನ ಮೈಮೇಲೆ ಹುಲ್ಲು ಸೂರಿನ ಹುಲ್ಲಿನ ಹಾಗೆ ಅಡ್ಡ ಕೂತಿರುತ್ತದೆ, ನೀರು ಒಂದಿಷ್ಟಾದರೂ ಜಾರುತ್ತದೆ. ನಿಲ್ಲಿಸಿದರೆ ನೀರು ಸುತ್ತುಗಳ ನಡುವೆ ನೇರ ಒಳಗಿಳಿಯುತ್ತದೆ.

ಬೂಷ್ಟು ಹಿಡಿದಿದ್ದನ್ನು ತಿನ್ನಿಸಬೇಡಿ, ಒಳ್ಳೆಯದರ ಜೊತೆ ಬೆರೆಸಿಯೂ ಬೇಡ. ಭತ್ತದ ಹುಲ್ಲಿನ ಬೂಷ್ಟಿನಿಂದ ಬರುವ ಡೆಗ್ನಾಲಾ ರೋಗದಲ್ಲಿ ಕಿವಿಯ ತುದಿ, ಬಾಲದ ತುದಿ, ಕಾಲಿನ ಕೆಳಭಾಗ ಕೊಳೆಯುತ್ತದೆ. ಗೊಬ್ಬರದ ಗುಂಡಿಗೆ ಹಾಕಿ, ಕಾಫಿ ಗಿಡಕ್ಕೆ ಆಗುತ್ತದೆ.

ತಿನ್ನಿಸುವುದು

ಚೆನ್ನಾಗಿ ಇಟ್ಟ ಹುಲ್ಲನ್ನೂ ಹಸು ಕಾಲಡಿ ಹಾಕಿ ಹಾಳು ಮಾಡಬಹುದು. ನಮ್ಮ ಗೌರಿ ತಿನ್ನುವುದನ್ನು ಹತ್ತಿರ ಕೂತು ನೋಡಿದೆ. ಬಾಯಿ ತುಂಬಾ ಹಿಡಿಯುತ್ತಾಳೆ, ತಲೆ ಹಿಂದಕ್ಕೆ ಎಳೆದು ಒಮ್ಮೆ ಕೊಡವುತ್ತಾಳೆ, ಅರ್ಧ ಉದುರುತ್ತದೆ. ಉದುರಿದ್ದರ ಮೇಲೆ ಮುಂಗಾಲು. ಅದಕ್ಕೆ ಸಗಣಿ ತಾಗಿದ ಮೇಲೆ ಮೂಸಿಯೂ ನೋಡುವುದಿಲ್ಲ.

ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದವರು ದೊಡ್ಡ ಬೇಲ್‌ಗೆ ನಾಲ್ಕು ಥರದ ಗೋದಲಿ ಇಟ್ಟು ತೂಗಿ ನೋಡಿದ್ದಾರೆ. ಅದು 2003ರಲ್ಲಿ ಪ್ರಕಟವಾಯಿತು. ಬೇಲ್ ನಡುವೆ ಕೂತು ಸುತ್ತಲೂ ಬಳೆಯಂತೆ ಕಂಬಿ ಇರುವ ಗೋದಲಿಯಲ್ಲಿ ನಷ್ಟ ನೂರಕ್ಕೆ 6.1. ಬಳೆಯ ಒಳಗೆ ಬೇಲನ್ನು ಶಂಕುವಿನಂಥ ಚೌಕಟ್ಟಿನಲ್ಲಿ ಎತ್ತಿ ಹಿಡಿದದ್ದರಲ್ಲಿ 3.5. ಗಾಲಿ ಇರುವ ಬಂಡಿಯಂಥದರಲ್ಲಿ 11.4. ತೊಟ್ಟಿಲಿನಂಥದರಲ್ಲಿ 14.6. ತೊಟ್ಟಿಲಲ್ಲಿ ಹಸುಗಳು ಒಂದನ್ನೊಂದು ತಳ್ಳಾಡುವುದು ಜಾಸ್ತಿ, ತಲೆ ಒಳಗೆ ಹೊರಗೆ ಮಾಡುವುದೂ ಜಾಸ್ತಿ. ತಲೆ ಹೊರಗೆ ಬಂದ ಪ್ರತಿ ಸಲವೂ ಬಾಯಲ್ಲಿ ಹುಲ್ಲು ಇರುತ್ತದೆ, ಅಲ್ವಾ? ಶಂಕುವಿನದರಲ್ಲಿ ಬೇಲ್ ದೂರ ಇರುತ್ತದೆ, ಉದುರಿದ್ದು ಬಳೆಯ ಒಳಗೇ ಬೀಳುತ್ತದೆ.

ನಮಗೆ ಆ ಕಬ್ಬಿಣದ ಬಳೆ ಬೇಡ. ಅದರ ಹಿಂದಿನ ವಿಷಯ ಬೇಕು: ಹಸು ತಲೆ ಒಳಗಿಟ್ಟೇ ಅಗಿಯಬೇಕು, ಉದುರಿದ್ದು ಗೋದಲಿಯೊಳಗೇ ಬೀಳಬೇಕು. ನಾವು ಗೋದಲಿಯ ಮುಂದೆ ಬಿದಿರಿನ ಗಳಗಳನ್ನು ಓರೆಯಾಗಿ ಕಟ್ಟಿದೆವು. ಓರೆ ಗಳದ ನಡುವೆ ತಲೆ ಹಾಕಲು ಹಸು ಕತ್ತು ಸ್ವಲ್ಪ ತಿರುಗಿಸಬೇಕು, ತೆಗೆಯಲೂ ತಿರುಗಿಸಬೇಕು. ಸುಮ್ನೆ ಹಿಂದಕ್ಕೆ ಎಳೆಯಲು ಆಗುವುದಿಲ್ಲ. ಗಳ ಕಟ್ಟುವ ಮುಂಚೆ ಒಂದು ಬೆಳಿಗ್ಗೆ ಕಾಲಡಿಯ ಹುಲ್ಲು ಗುಡಿಸಿ ತೂಗಿದ್ದೆ, ಐದು ಹಸುವಿನದು ಸೇರಿ 4 ಕೆಜಿ ಇತ್ತು. ಕಟ್ಟಿದ ವಾರದ ಮೇಲೆ ಒಂದು ಕೆಜಿಯೂ ಇರಲಿಲ್ಲ.

ಇಡೀ ರೋಲನ್ನು ಮುಂದೆ ಹಾಕಬೇಡಿ. ಚಾಪೆ ಬಿಡಿಸಿದಂತೆ ಬಿಡಿಸಿ, ಆ ಹೊತ್ತಿನದ್ದಷ್ಟೇ ಹಾಕಿ. ಕತ್ತರಿಸಿ ಹಾಕಿದರೆ ಇನ್ನೂ ಒಳ್ಳೆಯದು.

ಇಳಿಜಾರು ಮತ್ತು ದಾರ

ಇಳಿಜಾರಿನಲ್ಲಿ ರೋಲಿನ ಚಪ್ಪಟೆ ಮುಖ ಇಳಿಯುವ ಕಡೆಗಿರಲಿ, ಆಗ ಉರುಳುವುದಿಲ್ಲ. 2010ರಲ್ಲಿ ಇಂಗ್ಲೆಂಡಿನ ಡೆವನ್‌ನಲ್ಲಿ ಗುಡ್ಡದಿಂದ ಉರುಳಿದ ಸುಮಾರು 600 ಕೆಜಿಯ ಬೇಲ್ ವ್ಯಾನಿಗೆ ಬಡಿದು ಸೆಲ್ಲೋ ವಾದಕ ಮೈಕ್ ಎಡ್ವರ್ಡ್ಸ್ ತೀರಿಕೊಂಡರು. ನಮ್ಮ 20 ಕೆಜಿ ಕೂಡ ಗುಡ್ಡದ ದಾರಿಯಲ್ಲಿ ಮಗುವಿನ ಮೇಲೆ ಬಿದ್ದರೆ ಸಣ್ಣದಲ್ಲ.

ದಾರದ ವಿಷಯ. ಪ್ಲಾಸ್ಟಿಕ್ ದಾರ ಹಸುವಿನ ಹೊಟ್ಟೆಯಲ್ಲಿ ಕರಗುವುದಿಲ್ಲ, ಗಂಟಾಗಿ ಕೂರುತ್ತದೆ. ಎಲ್ಲ ಸುತ್ತನ್ನೂ ಒಂದೇ ಗೆರೆಯಲ್ಲಿ ಕತ್ತರಿಸಿ. ಆಮೇಲೆ ಎದುರು ಬದಿಯಿಂದ ಎಲ್ಲವನ್ನೂ ಒಟ್ಟಿಗೆ ಹಿಡಿದು ಎಳೆಯಿರಿ. ಒಂದೊಂದಾಗಿ ಎಳೆದರೆ ತುಂಡು ಒಳಗೇ ಉಳಿಯುತ್ತದೆ. ಕತ್ತರಿಸುವ ಮುಂಚೆ ಸುತ್ತು ಎಣಿಸಿ, ಎಳೆದ ಮೇಲೆ ತುಂಡು ಎಣಿಸಿ. ನಮ್ಮ ಕೊಟ್ಟಿಗೆ ಕಂಬದಲ್ಲಿ ಒಂದು ಮೊಳೆ ಇದೆ, ದಾರ ಅಲ್ಲಿಗೆ ಹೋಗುತ್ತದೆ. ಇವತ್ತು ಬೆಳಿಗ್ಗೆಯ ರೋಲಿನಲ್ಲಿ ಹನ್ನೆರಡು ಸುತ್ತು ಎಣಿಸಿದ್ದೆ, ಕೈಗೆ ಹನ್ನೊಂದು ತುಂಡು ಬಂತು. ಹನ್ನೆರಡನೆಯದು ಸಿಗುವವರೆಗೆ ಅಮ್ಮ ಗೋದಲಿಗೆ ಹುಲ್ಲು ಹಾಕಲು ಬಿಡಲಿಲ್ಲ.