ಭಾಗಿಸದೆಯೇ ತೀರ್ಮಾನವಾದ ಅವಿಭಾಜ್ಯ

170141183460469231731687303715884105727 ಎಂಬ ಮೂವತ್ತೊಂಬತ್ತು ಅಂಕಿಗಳ ಸಂಖ್ಯೆಯನ್ನು 2¹²⁷ − 1 ಎಂದು ಚಿಕ್ಕದಾಗಿ ಬರೆಯಬಹುದು. ಇದು ಅವಿಭಾಜ್ಯವೆಂದು ಫ್ರಾನ್ಸಿನ ಗಣಿತಜ್ಞ ಎಡ್ವರ್ಡ್ ಲ್ಯೂಕಾಸ್ 1876ರಲ್ಲಿ ಕೈಲೆಕ್ಕದಿಂದಲೇ ತೋರಿಸಿದರು. ಒಂದು ಸಂಖ್ಯೆ ಅವಿಭಾಜ್ಯವೆನ್ನಲು ಒಂದೊಂದೇ ಸಂಖ್ಯೆಯಿಂದ ಭಾಗಿಸುತ್ತ ಹೋಗಲೇಬೇಕೆಂಬ ತಪ್ಪು ಗ್ರಹಿಕೆ ಶಾಲೆಯ ದಿನಗಳಿಂದಲೇ ಬೇರೂರಿರುತ್ತದೆ. ಈ ಸಂಖ್ಯೆಯ ವರ್ಗಮೂಲಕ್ಕೇ ಇಪ್ಪತ್ತು ಅಂಕಿಗಳಿವೆ. ಅಲ್ಲಿಯವರೆಗಿನ ಬೆಸಸಂಖ್ಯೆಗಳಿಂದ ಮಾತ್ರ, ಸೆಕೆಂಡಿಗೆ ಒಂದರಂತೆ ಭಾಗಿಸಿ ನೋಡಿದರೂ, ವಿಶ್ವದ ಈವರೆಗಿನ ವಯಸ್ಸಿನ ಹತ್ತು ಪಟ್ಟಿಗೂ ಹೆಚ್ಚು ಕಾಲ ಹಿಡಿಯುತ್ತದೆ.

ಲ್ಯೂಕಾಸ್ ಹಿಡಿದದ್ದು ಬೇರೆಯೇ ದಾರಿ. 1930ರ ದಶಕದಲ್ಲಿ ಅಮೆರಿಕದ ಗಣಿತಜ್ಞ ಡಿ. ಎಚ್. ಲೆಹ್ಮರ್ ಅದನ್ನು ಇನ್ನಷ್ಟು ಹಸನುಗೊಳಿಸಿದರು. ಈಗಿನ ರೂಪದಲ್ಲಿ 4ರಿಂದ ಆರಂಭಿಸಿ, ವರ್ಗ ಮಾಡಿ, 2 ಕಳೆದು, ಪರೀಕ್ಷೆಗೊಳಪಟ್ಟ ಸಂಖ್ಯೆಯಿಂದ ಭಾಗಿಸಿದಾಗ ಬರುವ ಶೇಷವನ್ನಷ್ಟೇ ಉಳಿಸಿಕೊಂಡು ಮುಂದುವರಿಯಬೇಕು. 2ರ ಘಾತದಿಂದ 1 ಕಳೆದ ಸಂಖ್ಯೆಗಳಿಗಷ್ಟೇ ಇದು ಅನ್ವಯ; ಘಾತಾಂಕವು (2¹²⁷ − 1ರಲ್ಲಿ 127) ಬೆಸ ಅವಿಭಾಜ್ಯವಾಗಿರಬೇಕು. ಅದಕ್ಕಿಂತ ಎರಡು ಕಡಿಮೆ ಬಾರಿ ಹೀಗೆ ಮಾಡಿದ ಮೇಲೆ ಸೊನ್ನೆ ಉಳಿದರೆ ಸಂಖ್ಯೆ ಅವಿಭಾಜ್ಯ, ಉಳಿಯದಿದ್ದರೆ ಅಲ್ಲ.

2⁵ − 1, ಅಂದರೆ 31ನ್ನು ತೆಗೆದುಕೊಳ್ಳೋಣ. 4ರಿಂದ 14, 14ರಿಂದ 194. ಈಗ 194ನ್ನು 31ರಿಂದ ಭಾಗಿಸುವ ಶ್ರಮವೂ ಬೇಕಿಲ್ಲ ಎಂಬುದೇ ನನಗೆ ಇದರಲ್ಲಿ ಅತ್ಯಂತ ಸೊಗಸಾಗಿ ಕಾಣುವ ಅಂಶ. 32ನ್ನು 31ರಿಂದ ಭಾಗಿಸಿದರೆ 1 ಉಳಿಯುತ್ತದೆ; 194ರಲ್ಲಿ ಆರು 32ಗಳೂ ಮೇಲೆ 2ಊ ಇವೆ; ಆದ್ದರಿಂದ ಶೇಷ 6 + 2 = 8. ಒಂಬತ್ತರ ಶೇಷ ತಿಳಿಯಲು ಅಂಕಿಗಳನ್ನು ಕೂಡುವ ಹಳೆಯ ಉಪಾಯವೂ ಇದೇ, ಏಕೆಂದರೆ 10 ಎಂಬುದು 9ಕ್ಕಿಂತ ಒಂದು ಹೆಚ್ಚು. ದ್ವಿಮಾನ ಪದ್ಧತಿಯಲ್ಲಿ 194 ಎಂದರೆ 11000010; ಕೊನೆಯ ಐದು ಅಂಕಿಗಳ ಬಳಿ ಕತ್ತರಿಸಿ, ಉದ್ದನೆಯ ಬಟ್ಟೆಯನ್ನು ಮಡಿಸಿದಂತೆ ಎಡಭಾಗವನ್ನು ಬಲಭಾಗದ ಮೇಲಿಟ್ಟು ಕೂಡಿದರೆ ಶೇಷ ಸಿಕ್ಕಿತು. ಮುಂದೆ 8ರ ವರ್ಗದಿಂದ 2 ಕಳೆದರೆ 62, ಅದು 31ರ ಎರಡರಷ್ಟು. ಮೂರನೆಯ ಹೆಜ್ಜೆಯಲ್ಲಿ ಸೊನ್ನೆ ಬಂದಿತು. 2¹²⁷ − 1ಕ್ಕೆ ಇಂತಹ 125 ಹೆಜ್ಜೆಗಳು ಸಾಕು.

2024ರಲ್ಲಿ ದೊರೆತ 2¹³⁶²⁷⁹⁸⁴¹ − 1 ಅವಿಭಾಜ್ಯವೆಂದು ಖಚಿತಪಡಿಸಿದ್ದು ಕೂಡ ಇದೇ ಪರೀಕ್ಷೆ. ಅದರಲ್ಲಿ 41024320 ಅಂಕಿಗಳಿವೆ. ಇಂತಹ ಶೋಧವಾದಾಗಲೆಲ್ಲ ‘ಅತಿದೊಡ್ಡ ಅವಿಭಾಜ್ಯ ಸಂಖ್ಯೆ ಪತ್ತೆ’ ಎಂದು ಬರೆಯುವುದು ಬೇಸರದ ಸಂಗತಿ. ಅವಿಭಾಜ್ಯಗಳಿಗೆ ಕೊನೆಯಿಲ್ಲವೆಂದು ಯೂಕ್ಲಿಡ್ ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಸಾಧಿಸಿದ್ದಾನೆ. ಇದು ನಮಗೆ ತಿಳಿದಿರುವವುಗಳಲ್ಲಿ ದೊಡ್ಡದು, ಅಷ್ಟೆ.

ಪರೀಕ್ಷೆಯ ಇನ್ನೊಂದು ಮುಖವೂ ಅಷ್ಟೇ ವಿಸ್ಮಯಕರ. ಈ ಬಗೆಯ ಸಂಖ್ಯೆಗಳಿಗೆ ಯಾರ ಹೆಸರು ಬಂದಿದೆಯೋ ಆ ಫ್ರಾನ್ಸಿನ ಸನ್ಯಾಸಿ ಮರಿನ್ ಮರ್ಸೆನ್, ಅವಿಭಾಜ್ಯ ಕೊಡುವ ಘಾತಾಂಕಗಳೆಂದು 1644ರಲ್ಲಿ ನೀಡಿದ ಪಟ್ಟಿಯಲ್ಲಿ 127ರ ಜೊತೆಗೆ 67 ಎಂಬ ಘಾತಾಂಕವೂ ಇತ್ತು. 2⁶⁷ − 1 ಅವಿಭಾಜ್ಯವಲ್ಲವೆಂದು ಲ್ಯೂಕಾಸ್ 1876ರಲ್ಲೇ ತೋರಿಸಿದರು, ಆದರೆ ಅದರ ಒಂದು ಅಪವರ್ತನವೂ ಅವರಿಗೆ ಸಿಕ್ಕಿರಲಿಲ್ಲ. 193707721 × 761838257287 ಎಂಬ ಗುಣಲಬ್ಧವನ್ನು ಅಮೆರಿಕದ ಗಣಿತಜ್ಞ ಫ್ರಾಂಕ್ ನೆಲ್ಸನ್ ಕೋಲ್ ಮುಂದಿಟ್ಟದ್ದು 1903ರಲ್ಲಿ. ಸೊನ್ನೆಯಲ್ಲದ ಶೇಷ ‘ಒಡೆಯುತ್ತದೆ’ ಎಂದಷ್ಟೇ ಹೇಳುತ್ತದೆ, ಎಲ್ಲಿ ಒಡೆಯುತ್ತದೆಂದು ಹೇಳುವುದಿಲ್ಲ. 385 ಅಂಕಿಗಳ 2¹²⁷⁷ − 1 ಅವಿಭಾಜ್ಯವಲ್ಲವೆಂಬುದು ಸಂದೇಹಾತೀತ. ಕಂಪ್ಯೂಟರುಗಳು ದಶಕಗಳಿಂದ ಹುಡುಕುತ್ತಿದ್ದರೂ ಅದರ ಒಂದೇ ಒಂದು ಅಪವರ್ತನ ಇನ್ನೂ ಕೈಗೆ ಸಿಕ್ಕಿಲ್ಲ.