ಇನ್‌ಸ್ಟಾಗ್ರಾಂ ಕಡಿಮೆ ಮಾಡಿದರೆ ಕೀಳರಿಮೆ ಹೋಗುತ್ತದೆಯೇ?

ಪ್ರಶ್ನೆ: ರಾತ್ರಿ ಹೊತ್ತು ರೀಲ್ಸ್ ನೋಡಿ ಮೊಬೈಲ್ ಕೆಳಗಿಟ್ಟರೆ ನನ್ನ ಮುಖ, ಮೈಬಣ್ಣ, ಕೆಲಸ ಎಲ್ಲದರ ಮೇಲೂ ಬೇಸರ ಬರುತ್ತದೆ. ಬಳಕೆ ಕಡಿಮೆ ಮಾಡಿದರೆ ಈ ಕೀಳರಿಮೆ ಹೋಗುತ್ತದೆಯೇ?

ಉತ್ತರ: ರೂಪದ ಬಗೆಗಿನ ಬೇಸರ ಕೆಲವೇ ವಾರಗಳಲ್ಲಿ ತಗ್ಗುವ ಸಾಧ್ಯತೆ ಚೆನ್ನಾಗಿಯೇ ಇದೆ. ‘ನಾನು ಯಾವುದಕ್ಕೂ ಲಾಯಕ್ಕಲ್ಲ’ ಎಂಬ ಆಳದ ಭಾವನೆ ಮಾತ್ರ ಅಷ್ಟು ಬೇಗ ಜಗ್ಗುವುದಿಲ್ಲ. ಇವೆರಡನ್ನೂ ಒಂದೇ ಎಂದುಕೊಂಡರೆ, ಆಪ್ ಅಳಿಸಿದ ಮೇಲೂ ನಿರಾಸೆಯೇ ಕಾದಿರುತ್ತದೆ.

ಹೀಗೆ ಹೇಳುವುದಕ್ಕೆ ಆಧಾರವಿದೆ. ಕೆನಡಾದಲ್ಲಿ 17ರಿಂದ 25 ವರ್ಷದ 220 ವಿದ್ಯಾರ್ಥಿಗಳನ್ನು ಒಳಗೊಂಡ ಪ್ರಯೋಗವೊಂದು 2023ರಲ್ಲಿ ಪ್ರಕಟವಾಯಿತು. ಎಲ್ಲರೂ ದಿನಕ್ಕೆ ಎರಡು ಗಂಟೆಗೆ ಕಡಿಮೆಯಿಲ್ಲದಂತೆ ಸಾಮಾಜಿಕ ಜಾಲತಾಣ ನೋಡುತ್ತಿದ್ದವರು. ಆತಂಕದ ಅಥವಾ ಖಿನ್ನತೆಯ ಲಕ್ಷಣಗಳೂ ಒಂದಿಷ್ಟು ಇದ್ದವರು. ಒಂದು ಗುಂಪಿಗೆ ಮೂರು ವಾರ ದಿನಕ್ಕೆ ಒಂದೇ ಗಂಟೆಯ ಮಿತಿ ಹಾಕಲಾಯಿತು. ಆ ಮಿತಿ ಪೂರ್ತಿ ಪಾಲನೆಯಾಗಲಿಲ್ಲ, ಸರಾಸರಿ 78 ನಿಮಿಷಕ್ಕೆ ಬಂದು ನಿಂತಿತು. ಅಷ್ಟಕ್ಕೇ ಅವರಿಗೆ ತಮ್ಮ ರೂಪ ಮತ್ತು ತೂಕದ ಬಗ್ಗೆ ಇದ್ದ ಅಭಿಪ್ರಾಯ ಸುಧಾರಿಸಿತು. ಮಿತಿಯಿಲ್ಲದ ಗುಂಪಿನಲ್ಲಿ ಅಂಥ ಬದಲಾವಣೆ ಕಾಣಲಿಲ್ಲ.

ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ 2018ರ ಪ್ರಯೋಗ ಇನ್ನೊಂದು ಮುಖ ತೋರಿಸುತ್ತದೆ. ಅಲ್ಲಿ 143 ವಿದ್ಯಾರ್ಥಿಗಳಲ್ಲಿ ಒಂದು ಗುಂಪು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಸ್ನ್ಯಾಪ್‌ಚಾಟ್‌ಗಳನ್ನು ದಿನಕ್ಕೆ ತಲಾ 10 ನಿಮಿಷಕ್ಕೆ ಇಳಿಸಿತು. ಮೂರು ವಾರಗಳಲ್ಲಿ ಒಂಟಿತನ ಕಡಿಮೆಯಾಯಿತು, ಖಿನ್ನತೆಯೂ ತಗ್ಗಿತು. ಒಟ್ಟಾರೆ ಆತ್ಮಗೌರವದ ಅಳತೆ ಹೇಳಿಕೊಳ್ಳುವಂತೆ ಏರಲಿಲ್ಲ.

ಏಕೆ ಹೀಗೆ? ಬೇರೆಯವರೊಂದಿಗೆ ಹೋಲಿಸಿಕೊಂಡೇ ನಾವು ನಮ್ಮನ್ನು ಅಳೆಯುತ್ತೇವೆ ಎಂಬ ಸಿದ್ಧಾಂತವನ್ನು ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ 1954ರಲ್ಲೇ ಮಂಡಿಸಿದ್ದರು. ಹೋಲಿಕೆ ನಮ್ಮಲ್ಲಿ ಮೊದಲೂ ಇತ್ತು, ಕೆಲವೊಮ್ಮೆ ಕ್ರೂರವಾಗಿಯೇ ಇತ್ತು. ಆದರೆ ಪಕ್ಕದ ಮನೆಯ ಹುಡುಗಿಯ ರ‍್ಯಾಂಕ್ ಗೊತ್ತಾಗುತ್ತಿದ್ದ ಓಣಿಯಲ್ಲಿ ಅವರ ಮನೆಯ ಜಗಳವೂ ಕೇಳಿಸುತ್ತಿತ್ತು. ಮದುವೆಯಲ್ಲಿ ಮಿಂಚಿದವಳು ಮರುದಿನ ಜ್ವರ ಬಂದು ಮಲಗಿದ್ದೂ ತಿಳಿಯುತ್ತಿತ್ತು. ಮೊಬೈಲ್ ಪರದೆ ಈ ಎರಡನೆಯ ಅರ್ಧವನ್ನು ಕತ್ತರಿಸಿ ಹಾಕಿದೆ. ನೂರು ಜನರ ಒಳ್ಳೆಯ ಗಳಿಗೆಗಳು ಒಂದರ ಹಿಂದೊಂದು ಬರುತ್ತವೆ, ಎದುರಿಗೆ ನಮ್ಮ ಪೂರ್ತಿ ದಿನ ನಿಂತಿರುತ್ತದೆ. ಅದರ ಮೇಲೆ ಚರ್ಮದ ಬಣ್ಣವನ್ನೇ ತಿಳಿ ಮಾಡುವ ಫಿಲ್ಟರ್‌ಗಳು. ಮದುವೆ ಮಾತುಕತೆಯಲ್ಲಿ ಇಂದಿಗೂ ಹೆಣ್ಣಿನ ಬಣ್ಣ ಕೇಳುವ ಸಮಾಜದಲ್ಲಿ ಅವು ಮಾಡುವ ಗಾಯ ಸಣ್ಣದಲ್ಲ ಎಂದೇ ನಾನು ನಂಬುತ್ತೇನೆ.

ಹಾಗಾದರೆ ಕೀಳರಿಮೆ ಮೊದಲೋ, ಮೊಬೈಲ್ ಮೊದಲೋ? ಮೊದಲೇ ಕುಗ್ಗಿದವರು ಹೆಚ್ಚು ಹೊತ್ತು ಪರದೆಗೆ ಅಂಟಿಕೊಳ್ಳುವುದೂ ಉಂಟು. ಈ ಗಂಟು ಬಿಡಿಸಲು ಮೂವರು ಅರ್ಥಶಾಸ್ತ್ರಜ್ಞರಿಗೆ ಒಂದು ದಾರಿ ಸಿಕ್ಕಿತು. 2004ರಲ್ಲಿ ಹಾರ್ವರ್ಡ್‌ನಲ್ಲಿ ಶುರುವಾದ ಫೇಸ್‌ಬುಕ್ ಅಮೆರಿಕದ ಕಾಲೇಜುಗಳಿಗೆ ಒಂದೇ ಸಲ ಬರದೆ ಹಂತ ಹಂತವಾಗಿ ಹರಡಿತ್ತು. ಅದು ಬೇಗ ಬಂದ ಕಾಲೇಜುಗಳನ್ನು ತಡವಾಗಿ ಬಂದವುಗಳ ಜೊತೆ ಅವರು ಹೋಲಿಸಿದರು. ಫೇಸ್‌ಬುಕ್ ಬಂದ ಮೇಲೆ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯ ಸರಾಸರಿಯಲ್ಲಿ ಕೆಟ್ಟಿತ್ತು. ಮುಖ್ಯ ಕಾರಣ ಪ್ರತಿಕೂಲ ಹೋಲಿಕೆಯೇ ಇರಬೇಕೆಂದು 2022ರಲ್ಲಿ ಪ್ರಕಟವಾದ ಆ ಅಧ್ಯಯನ ಸೂಚಿಸಿತು.

ಆದ್ದರಿಂದ ಗಂಟೆ ಎಣಿಸುವ ಮೊದಲು ನಿಮ್ಮ ಫೀಡ್ ನೋಡಿ. ಯಾವ ಖಾತೆ ನೋಡಿದ ಮೇಲೆ ಕನ್ನಡಿಯ ಮುಂದೆ ನಿಲ್ಲಲು ಮನಸ್ಸಾಗುವುದಿಲ್ಲವೋ ಅದನ್ನು ಅನ್‌ಫಾಲೋ ಮಾಡಿ, ಅದು ನೆಂಟರದ್ದಾದರೆ ಮ್ಯೂಟ್ ಮಾಡಿ. ಗೆಳೆಯರೊಂದಿಗಿನ ಹರಟೆ ಉಳಿಯಲಿ, ಅದನ್ನು ಕಳೆದುಕೊಳ್ಳಬೇಕಾಗಿಲ್ಲ. ಲೈಕ್‌ಗಳ ಸಂಖ್ಯೆಯನ್ನು ಮರೆಮಾಡುವ ಆಯ್ಕೆಯನ್ನು ಇನ್‌ಸ್ಟಾಗ್ರಾಂ 2021ರಿಂದ ಎಲ್ಲರಿಗೂ ಕೊಟ್ಟಿದೆ, ಬಳಸಿಕೊಳ್ಳಿ.

ಇಷ್ಟೆಲ್ಲ ಮಾಡಿದ ಮೇಲೂ ಕೆಲವು ವಾರಗಳಲ್ಲಿ ಮನಸ್ಸು ಹಗುರವಾಗದಿದ್ದರೆ, ನಿದ್ದೆ ಊಟ ಕೆಟ್ಟಿದ್ದರೆ, ಅದರ ಬೇರು ಮೊಬೈಲ್‌ನ ಆಚೆಗೂ ಇರಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಂತ್ರಜ್ಞಾನದ ಅತಿ ಬಳಕೆಗೆಂದೇ ‘ಶಟ್’ ಎಂಬ ಚಿಕಿತ್ಸಾಲಯವಿದೆ. ಅಲ್ಲಿಗೆ ಹೋಗಲಾಗದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.