ಬೆರಳು ಆಡಿದರೆ ಎಲುಬು ಮುರಿದಿಲ್ಲವೇ?

ಪ್ರಶ್ನೆ: ಕಬ್ಬಿನ ಹೊಲದ ಬದುವಿನ ಮ್ಯಾಲೆ ಕಾಲು ಹೊರಳಿತು. ಹರಡು ಬಾತೈತಿ, ಆದ್ರ ಬೆರಳು ಆಡ್ತಾವು. ಅಂದ್ರ ಬರೀ ಉಳುಕಲ್ರಿ? ಎಕ್ಸ್‌ರೇ ಬೇಕೇನ್ರಿ?

ಉತ್ತರ: ಕಬ್ಬಿನ ಹಂಗಾಮಿನಲ್ಲಿ ಮುಧೋಳ, ಜಮಖಂಡಿ ಕಡೆಯಿಂದ ಬರುವವರ ಬಾಯಲ್ಲಿ ಈ ಮಾತು ಕೇಳದ ದಿನವೇ ಇಲ್ಲ. ಎಷ್ಟು ಸಲ ಹೇಳಿದ್ದೇನೋ, ಇನ್ನೊಮ್ಮೆ ಹೇಳುತ್ತೇನೆ: ಬೆರಳು ಆಡುವುದಕ್ಕೂ ಹರಡಿನ ಎಲುಬು ಗಟ್ಟಿಯಿರುವುದಕ್ಕೂ ಸಂಬಂಧವಿಲ್ಲ.

ಬೆರಳನ್ನು ಎಳೆಯುವ ದೊಡ್ಡ ಸ್ನಾಯುಗಳು ಇರುವುದು ಮೊಣಕಾಲಿನ ಕೆಳಗೆ. ಅಲ್ಲಿಂದ ಹಗ್ಗದಂಥ ಸ್ನಾಯುರಜ್ಜುಗಳು ಹರಡು ದಾಟಿ ಬೆರಳಿಗೆ ಹೋಗುತ್ತವೆ. ಬಂಡಿಯ ಗಾಲಿ ಮುರಿದು ಕೂತರೂ ಹಗ್ಗ ಜಗ್ಗಿದರೆ ಎತ್ತು ಕೊರಳು ತಿರುಗಿಸುತ್ತದಲ್ಲ, ಹಾಗೆ. ಬೆರಳು ಆಡಿಸಿ ಎಂದು ನಾವೂ ಹೇಳುತ್ತೇವೆ ನಿಜ. ಅದು ನರ, ಸ್ನಾಯು ನೆಟ್ಟಗಿವೆಯೇ ಎಂದು ನೋಡಲು. ‘ನಡ್ಕೊಂಡೇ ಬಂದೀನ್ರಿ’ ಎನ್ನುವುದೂ ಪೂರ್ತಿ ಪುರಾವೆಯಲ್ಲ. ಮೈಭಾರದ ಬಹುಪಾಲು ಹೊರುವುದು ಒಳಗಿನ ದಪ್ಪ ಎಲುಬು. ಹೊರಗಿನ ಸಣ್ಣ ಎಲುಬು ಸೀಳಿದವರು ಕುಂಟುತ್ತಾ ಮನೆ ಮುಟ್ಟಿದ್ದನ್ನು ನಾನೇ ಕಂಡಿದ್ದೇನೆ.

ಹಾಗಾದರೆ ಎಕ್ಸ್‌ರೇ ಯಾರಿಗೆ? 1992ರಲ್ಲಿ ಕೆನಡಾದ ಒಟ್ಟಾವಾ ವೈದ್ಯರು ಇದಕ್ಕೊಂದು ನಿಯಮ ಕೊಟ್ಟರು. ಹರಡಿನ ಒಳ–ಹೊರ ಬದಿಯಲ್ಲಿ ಉಬ್ಬಿ ನಿಂತ ಎಲುಬುಗಳ ತುದಿ, ಅಲ್ಲಿಂದ 6 ಸೆಂಟಿಮೀಟರ್ ಮೇಲಿನವರೆಗೆ ಹಿಂದಿನ ಅಂಚು, ಇವನ್ನು ಒತ್ತಿ ನೋಡಬೇಕು. ಎಲುಬಿನ ಮೇಲೇ ನೋವಿದ್ದರೆ ಎಕ್ಸ್‌ರೇ. ಬಿದ್ದ ಕೂಡಲೇ ಮತ್ತು ಆಸ್ಪತ್ರೆಯಲ್ಲಿ, ಎರಡೂ ಸಲ ನಾಲ್ಕು ಹೆಜ್ಜೆ ಇಡಲಾಗದಿದ್ದರೂ ಎಕ್ಸ್‌ರೇ. ಪಾದದಲ್ಲಿ ಕಿರುಬೆರಳಿನ ಕಡೆಯ ಎಲುಬಿನ ಬುಡವನ್ನೂ, ಒಳಬದಿಯ ಕಮಾನಿನ ಎಲುಬನ್ನೂ ಒತ್ತಿ ನೋಡುತ್ತೇವೆ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ, ಕುಡಿದು ಬಂದವರಿಗೆ ಈ ನಿಯಮ ನಂಬುವಂತಿಲ್ಲ.

ಇನ್ನು ಯಾರೂ ಕೇಳದ ಮಾತು. ‘ಅರ್ಧ ಪ್ಲಾಸ್ಟರ್ ಹಾಕಿ ಕಳಿಸಿದ್ರು’ ಎಂದು ಮುನಿಸಿಕೊಂಡು ಬಿದಿರು ದಬ್ಬೆ ಬಿಗಿಸಿಕೊಳ್ಳಲು, ಎಣ್ಣೆ ಹಚ್ಚಿ ತಿಕ್ಕಿಸಿಕೊಳ್ಳಲು ಹೋಗುತ್ತೀರಲ್ಲ, ಅದಕ್ಕೆ ನನ್ನ ಹೊಟ್ಟೆ ಉರಿಯುತ್ತದೆ. ಪೆಟ್ಟಾದ ಕಾಲು ಮೊದಲ ಎರಡು ಮೂರು ದಿನ ಬಾಯುತ್ತದೆ. ಆ ಊತಕ್ಕೆ ಜಾಗ ಇರಲೆಂದೇ ಪ್ಲಾಸ್ಟರನ್ನು ಒಂದು ಬದಿ ಬಿಡುವುದು. ಸುತ್ತಲೂ ಬಿಗಿದರೆ ಒಳಗಿನ ಒತ್ತಡ ಏರಿ ಸ್ನಾಯುವಿಗೆ ರಕ್ತ ನಿಲ್ಲುತ್ತದೆ. ಸುಮಾರು 6 ತಾಸಿನಲ್ಲಿ ಸ್ನಾಯು ಸಾಯತೊಡಗುತ್ತದೆ. ಮೊಣಕಾಲಿನ ಕೆಳಗಿನ ದಪ್ಪ ಎಲುಬು ಮುರಿದಾಗ, ಪಟ್ಟಿ ಇಲ್ಲದೆಯೂ ಹೀಗಾಗಬಹುದು. ಇಲ್ಲಿ ಬೆರಳು ನಿಜಕ್ಕೂ ಸುದ್ದಿ ಹೇಳುತ್ತದೆ: ನೀವು ಆಡಿಸಿದಾಗ ಅಲ್ಲ, ಬೇರೆಯವರು ಮೆಲ್ಲಗೆ ಎಳೆದಾಗ ಮೀನಖಂಡದಲ್ಲಿ ಜೀವ ಹೋಗುವಷ್ಟು ನೋವು. ಮಾತ್ರೆಗೆ ಬಗ್ಗದ ನೋವು, ಜೋಮು ಶುರುವಾದರೆ ನಡುರಾತ್ರಿಯಾದರೂ 108ಕ್ಕೆ ಫೋನ್ ಮಾಡಿ ಬನ್ನಿ. ಬೆಳಗಾಗಲಿ ಎಂದು ಕಾಯಬೇಡಿ.